ಮೊದಲ ಅಚ್ಚಿನ ಮಡಿ

ಹಳೆಯ ರೆಕಾರ್ಡು ಕೂಡಿಸುವವರ ನಡುವೆ ಒಂದು ಮಾತು ವೇದವಾಕ್ಯದಂತೆ ಓಡಾಡುತ್ತಿದೆ: ಕೊಂಡರೆ ಮೊದಲ ಅಚ್ಚನ್ನೇ ಕೊಳ್ಳಬೇಕು, ಉಳಿದದ್ದೆಲ್ಲ ಬರೀ ನಕಲು. ಈ ಮಾತು ಹುಟ್ಟಿದ್ದು ಇಂಗ್ಲೆಂಡು, ಅಮೆರಿಕಗಳ ರಾಕ್ ಸಂಗೀತದ ಸಂತೆಯಲ್ಲಿ. ಬೀಟಲ್ಸ್ ತಂಡದ 1963ರ ‘ಪ್ಲೀಸ್ ಪ್ಲೀಸ್ ಮಿ’ ಆದರೆ ಅದರ ಪಾರ್ಲೊಫೋನ್ ಲೇಬಲ್ಲು ಕಪ್ಪಿನ ಮೇಲೆ ಬಂಗಾರದ ಅಕ್ಷರದ್ದಾಗಿರಬೇಕು. ಪಿಂಕ್ ಫ್ಲಾಯ್ಡ್ ತಂಡದ 1973ರ ‘ಡಾರ್ಕ್ ಸೈಡ್ ಆಫ್ ದ ಮೂನ್’ ಆದರೆ ಲೇಬಲ್ಲಿನ ತ್ರಿಕೋನದೊಳಗೆ ನೀಲಿ ಪೂರ್ತಿ ತುಂಬಿರಬೇಕು. ಅದೇ ಹಾಡು, ಅದೇ ತಂಡ, ಅದೇ ಕಂಪನಿ, ಆದರೆ ಲೇಬಲ್ಲಿನ ಬಣ್ಣ ಬದಲಾಯಿತೆಂದರೆ ಬೆಲೆ ನೆಲಕಚ್ಚುತ್ತದೆ. ಸಂಗತಿ ಇಷ್ಟಕ್ಕೇ ನಿಂತಿದ್ದರೆ ಯಾರ ದುಡ್ಡು, ಯಾರ ಖುಷಿ ಎಂದು ಸುಮ್ಮನಿರಬಹುದಿತ್ತು. ಆದರೆ ಈ ಅಳತೆಗೋಲು ನಮ್ಮ ಕಡೆಯ, ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳ ಮೇಲೂ ಬಂದು ಕೂತಿದೆ. ಸೊಲ್ಲಾಪುರ, ಅಕ್ಕಲಕೋಟೆಗಳಂಥ ಗಡಿಯ ಊರುಗಳಲ್ಲಿ ಅಟ್ಟ ಸೇರಿರುವ ಕನ್ನಡ, ಮರಾಠಿ ರೆಕಾರ್ಡುಗಳನ್ನೂ ಇದೇ ಕೋಲಿನಿಂದ ಅಳೆದು, ಮೊದಲ ಅಚ್ಚಲ್ಲದ್ದನ್ನು ಬದಿಗೆ ಸರಿಸುವುದು ಜಾಣತನ ಎನಿಸಿಕೊಳ್ಳುತ್ತಿದೆ. ಮೊದಲ ಅಚ್ಚಿನ ಹಿರಿಮೆ ರಾಕ್ ರೆಕಾರ್ಡುಗಳಲ್ಲೇ ಅರೆಸತ್ಯ. ಗಡಿನಾಡಿನ ರೆಕಾರ್ಡುಗಳ ಮಟ್ಟಿಗಂತೂ ಅದು ಹಾನಿ ಮಾಡುವ ಸುಳ್ಳು. ಇಲ್ಲಿ ಬೆಲೆ ಬರಬೇಕಾದದ್ದು ಮೊದಲು ಹೊರಬಂದ ಪ್ರತಿಗಲ್ಲ, ಕೊನೆಗೆ ಉಳಿದ ಪ್ರತಿಗೆ.

ಮೊದಲು ಅವರ ಅಂಗಳದಲ್ಲೇ ನಿಂತು ನೋಡೋಣ. ರೆಕಾರ್ಡು ಪುಸ್ತಕದಂತೆ ಒಂದೇ ಬಾರಿ ಜೋಡಿಸಿದ ಮೊಳೆಗಳಿಂದ ಅಚ್ಚಾಗುವ ವಸ್ತುವಲ್ಲ. ಹಿಂದಿನ ಕಾಲದಲ್ಲಿ ಮೇಣದ ಮೇಲೆ, ಆಮೇಲೆ ಲ್ಯಾಕರ್ ತಟ್ಟೆಯ ಮೇಲೆ ಗೀರಿದ ಧ್ವನಿಗೆ ಲೋಹದ ಲೇಪ ಕೊಟ್ಟು ಒಂದು ಮೂಲ ಅಚ್ಚು ತೆಗೆಯುತ್ತಾರೆ. ಅದರಿಂದ ತಾಯಿ ಅಚ್ಚು, ತಾಯಿಯಿಂದ ಒತ್ತುವ ಅಚ್ಚುಗಳು. ಒತ್ತುವ ಅಚ್ಚು ಸವೆದರೆ ತಾಯಿಯಿಂದ ಇನ್ನೊಂದು, ತಾಯಿ ಕೆಟ್ಟರೆ ಮೂಲದಿಂದ ಇನ್ನೊಬ್ಬ ತಾಯಿ. ಇಂಗ್ಲೆಂಡಿನ ಇಎಂಐ ಕಾರ್ಖಾನೆ ಈ ಲೆಕ್ಕವನ್ನು ರೆಕಾರ್ಡಿನ ಮೈಮೇಲೇ, ಲೇಬಲ್ಲಿನ ಅಂಚಿಗೆ ಗುಟ್ಟಾಗಿ ಬರೆಯುತ್ತಿತ್ತು. ಅದರ ಗ್ರಾಮಫೋನ್ ಕಂಪನಿಯ ಹೆಸರಿನಿಂದ ಆಯ್ದ ಹತ್ತು ಇಂಗ್ಲಿಷ್ ಅಕ್ಷರಗಳು ಹತ್ತು ಅಂಕಿಗಳಿಗೆ ಸಂಕೇತ. ‘ಜಿ’ ಇದ್ದರೆ ಒಂದನೆಯ ಅಚ್ಚು, ‘ಆರ್’ ಇದ್ದರೆ ಎರಡನೆಯದು. ಅಂದರೆ ಒಂದೇ ಬಣ್ಣದ ಲೇಬಲ್ಲು ಹೊತ್ತ, ಒಂದೇ ವಾರ ಅಂಗಡಿಗೆ ಬಂದ ಎರಡು ಪ್ರತಿಗಳಲ್ಲಿ ಒಂದು ಒಂದನೆಯ ಅಚ್ಚಿನದೂ ಇನ್ನೊಂದು ಎಂಬತ್ತನೆಯದೂ ಆಗಿರಬಹುದು. ಸಂತೆಯಲ್ಲಿ ಇವೆರಡೂ ‘ಮೊದಲ ಅಚ್ಚು’. ಹಣ ತೆತ್ತು ಕೊಳ್ಳುವವನು ಕೊಳ್ಳುತ್ತಿರುವುದು ಗೀರಿನ ಹಿರಿತನವನ್ನಲ್ಲ, ಕಾಗದದ ಮೇಲಿನ ಶಾಯಿಯ ಹಿರಿತನವನ್ನು.

‘ಕಿವಿಯಿಂದ ಕೇಳಿ ನೋಡಿ, ಮೊದಲ ಅಚ್ಚಿನ ನಾದವೇ ಬೇರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಲೆಡ್ ಜೆಪ್ಪೆಲಿನ್ ತಂಡದ 1969ರ ಎರಡನೆಯ ಆಲ್ಬಂ ಇದಕ್ಕೆ ಎಲ್ಲರೂ ಕೊಡುವ ಸಾಕ್ಷಿ. ಬಾಬ್ ಲಡ್ವಿಗ್ ಎಂಬ ತಂತ್ರಜ್ಞ ಅದನ್ನು ಎಷ್ಟು ಗಡುಸಾಗಿ ಕೊರೆದಿದ್ದರೆಂದರೆ ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಹಾರಿ ಬೀಳುತ್ತಿತ್ತಂತೆ. ಕಂಪನಿ ಹೆದರಿ, ಮಂದ್ರವನ್ನು ತಗ್ಗಿಸಿ ಮತ್ತೆ ಕೊರೆಸಿತು. ಲಡ್ವಿಗ್ ಕೊರೆದ ಪ್ರತಿಗೆ ಇಂದು ಬೆಲೆ ಇರುವುದು ಸರಿಯೇ. ಆದರೆ ಅದಕ್ಕೆ ಬೆಲೆ ಬಂದದ್ದು ಮೊದಲನೆಯದು ಎಂಬ ಕಾರಣಕ್ಕಲ್ಲ, ಒಬ್ಬ ಕಸುಬುದಾರನ ಕೈ ಅದರ ಮೇಲಿದೆ ಎಂಬ ಕಾರಣಕ್ಕೆ. ಮೊದಲ ಕೊರೆತ ಕೆಟ್ಟದ್ದಾಗಿ, ಎರಡನೆಯದು ಚೆನ್ನಾಗಿ ಬಂದ ರೆಕಾರ್ಡುಗಳೂ ಇವೆ. ಹಾಗಿದ್ದ ಮೇಲೆ ವಿಚಾರಿಸಬೇಕಾದದ್ದು ಕೊರೆದವರು ಯಾರು, ಯಾವ ಟೇಪಿನಿಂದ ಎಂಬುದನ್ನು. ಒಂದು ಅಪವಾದವನ್ನು ಹಿಡಿದು ಇಡೀ ಶಾಸ್ತ್ರ ಕಟ್ಟಿದವರು ಆ ಪ್ರಶ್ನೆಯನ್ನೇ ಮರೆಸಿದ್ದಾರೆ.

ಈ ಸಂತೆಯ ತುತ್ತತುದಿಯಲ್ಲಿ ಏನಿದೆ ಎಂದು ನೋಡಿದರೆ ನಾದದ ಮಾತು ಇನ್ನೂ ತೆಳ್ಳಗಾಗುತ್ತದೆ. ಬೀಟಲ್ಸರ 1968ರ ಬಿಳಿ ಹೊದಿಕೆಯ ಆಲ್ಬಮ್ಮಿನ ಪ್ರತಿಗಳಿಗೆ ಕ್ರಮಸಂಖ್ಯೆ ಹಾಕಿದ್ದರು. ಒಂದನೆಯ ಸಂಖ್ಯೆಯ ಪ್ರತಿ ಡ್ರಮ್ ಬಾರಿಸುತ್ತಿದ್ದ ರಿಂಗೊ ಸ್ಟಾರ್ ಬಳಿ ಇತ್ತು. 2015ರ ಹರಾಜಿನಲ್ಲಿ ಅದು 7,90,000 ಡಾಲರಿಗೆ ಹೋಯಿತು. ಹಲವು ದಶಕ ಅದು ಬ್ಯಾಂಕಿನ ಲಾಕರಿನಲ್ಲಿತ್ತು ಎಂಬುದನ್ನು ಅದರ ಹೆಚ್ಚುಗಾರಿಕೆಯಾಗಿಯೇ ಸಾರಲಾಯಿತು. ಹಾಡಿಗಾಗಿ ಹುಟ್ಟಿದ ವಸ್ತು ಹಾಡದೆ ಇದ್ದುದಕ್ಕೇ ಬೆಲೆ ಪಡೆಯುವಾಗ ‘ಮೊದಲ ಅಚ್ಚಿನ ನಾದ’ ಎಂಬ ವಾದವನ್ನು ಮುಂದಿಡಲು ಸ್ವಲ್ಪ ಸಂಕೋಚವಾದರೂ ಆಗಬೇಕು. ಇನ್ನೊಂದು ಸೋಜಿಗ ನೋಡಿ. ಬ್ರಿಟನ್ನಿನಲ್ಲಿ 78 ಸುತ್ತಿನ ರೆಕಾರ್ಡು 1960ರ ಹೊತ್ತಿಗೆ ಮುಗಿದ ಕಥೆ. ಕಲ್ಕತ್ತೆಯ ದಮ್‌ದಮ್ ಕಾರ್ಖಾನೆ ಮಾತ್ರ ಬೀಟಲ್ಸರ ಹಾಡುಗಳನ್ನು 1960ರ ದಶಕದ ನಡುವಿನವರೆಗೂ 78ರಲ್ಲಿ ಒತ್ತುತ್ತಿತ್ತು. ಕರೆಂಟು ಇಲ್ಲದ ಮನೆಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಗಳು ಇನ್ನೂ ಜೀವಂತವಾಗಿದ್ದ ಕಾಲ ಅದು. ಆ ದಮ್‌ದಮ್ ಪ್ಲೇಟುಗಳಿಗಾಗಿ ಇಂದು ಪಶ್ಚಿಮದ ಸಂಗ್ರಾಹಕರು ಮುಗಿಬೀಳುತ್ತಾರೆ. ಯಾವ ಲೆಕ್ಕದಿಂದಲೂ ಅವು ಮೊದಲ ಅಚ್ಚಲ್ಲ. ಇಂಗ್ಲೆಂಡಿನಲ್ಲಿ ಹೊರಬಂದ ಹಾಡುಗಳ ಹೊರನಾಡಿನ ಮರುಮುದ್ರಣ. ಅವುಗಳಿಗೆ ಬೆಲೆ ತಂದಿರುವುದು ಅವು ಎಲ್ಲಿ, ಯಾವ ಪೆಟ್ಟಿಗೆಯಲ್ಲಿ, ಯಾರಿಗಾಗಿ ತಿರುಗಿದವು ಎಂಬ ಕಥೆ. ತಮ್ಮ ನಿಯಮವನ್ನು ಅದರ ಪೂಜಾರಿಗಳೇ ಮುರಿಯುತ್ತಾರೆ, ನಾವು ಮಾತ್ರ ಅದನ್ನು ಕಣ್ಣಿಗೊತ್ತಿಕೊಳ್ಳಬೇಕು!

ಈಗ ಸೊಲ್ಲಾಪುರಕ್ಕೆ ಬರೋಣ. ಮುಂಬೈಯಿಂದ ಮದ್ರಾಸಿಗೆ ಹೋಗುವ ರೈಲುದಾರಿಯ ಮೇಲಿನ ಗಿರಣಿಯೂರು ಇದು. ಗಿರಣಿ, ಮಗ್ಗಗಳ ಸುತ್ತ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕೇಳುತ್ತವೆ. ಅಕ್ಕಲಕೋಟೆ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಅಲ್ಲಿಯ ಹಳ್ಳಿಗಳ ಮನೆಮಾತು ಬಹುಮಟ್ಟಿಗೆ ಇಂದಿಗೂ ಕನ್ನಡ. ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಸೊಲ್ಲಾಪುರ, ವಿಜಾಪುರ, ಧಾರವಾಡ ಎಲ್ಲವೂ ಮುಂಬೈ ಆಡಳಿತದಡಿ ಇದ್ದವು. ಹೀಗಾಗಿ ಇಲ್ಲಿಯ ಒಂದು ಪೆಟ್ಟಿಗೆಯಲ್ಲಿ ಬಾಲಗಂಧರ್ವರ ನಾಟ್ಯಗೀತೆಯ ಬಗಲಲ್ಲೇ ಬೀಳಗಿಯ ಅಮೀರಬಾಯಿ ಕರ್ನಾಟಕಿ ಇರುವುದು, ಮಲ್ಲಿಕಾರ್ಜುನ ಮನ್ಸೂರರ ಜೊತೆ ಯಾವುದೋ ಕವ್ವಾಲಿ ಇರುವುದು ವಿಶೇಷವಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಜಿ. ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆಯ ಯುಗಳ ಹಾಡಿದರು, ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಹೆಸರಾದರು, ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಕನ್ನಡ, ಮರಾಠಿ ಎರಡರಲ್ಲೂ ಬರೆದರು. ರೆಕಾರ್ಡು ಕಂಪನಿಗಳ ಪಟ್ಟಿಗಳು ಮಾತ್ರ ಭಾಷೆಗೊಂದು ಗೋಡೆ ಕಟ್ಟಿದವು. ಲೇಬಲ್ಲಿನ ಮೇಲೆ ‘ಕ್ಯಾನರೀಸ್’ ಎಂದು ಅಚ್ಚಾದದ್ದು ಒಂದು ಕಡೆ, ‘ಮರಾಠಿ’ ಎಂದಾದದ್ದು ಇನ್ನೊಂದು ಕಡೆ. ಮರಾಠಿ ಸಂಗ್ರಾಹಕ ಕನ್ನಡದ್ದನ್ನು ಬಿಡುತ್ತಾನೆ, ಬೆಂಗಳೂರಿನ ಸಂಗ್ರಾಹಕ ಸೊಲ್ಲಾಪುರದವರೆಗೆ ಹೋಗುವುದಿಲ್ಲ. ಎರಡೂ ಕಡೆ ಯಾರದ್ದೂ ಆಗದ ಈ ಪ್ಲೇಟುಗಳಿಗೆ ಮೊದಲ ಅಚ್ಚಿನ ಪರೀಕ್ಷೆಯನ್ನೂ ಒಡ್ಡಿದರೆ ಅವು ಸೇರುವ ಜಾಗ ಗುಜರಿ ಒಂದೇ.

ಈ ಪರೀಕ್ಷೆಗೆ ನಮ್ಮ 78ಗಳ ಚರಿತ್ರೆಯೂ ಒಗ್ಗುವುದಿಲ್ಲ. 1902ರಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಮೊದಲಾದವರ ದನಿ ಹಿಡಿದಾಗ ಇಲ್ಲಿ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ, ರೆಕಾರ್ಡುಗಳಾಗಿ ಹಡಗು ಹತ್ತಿ ಬರುತ್ತಿದ್ದವು. ಹಾಡಿನ ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ಠೀವಿಗಾಗಿ ಅಲ್ಲ, ಹಿಂದುಸ್ತಾನಿ ಗೊತ್ತಿಲ್ಲದ ಹ್ಯಾನೋವರಿನ ಕೆಲಸಗಾರರು ಸರಿಯಾದ ಲೇಬಲ್ಲು ಅಂಟಿಸಲಿ ಎಂದು. 1908ರಲ್ಲಿ ಸಿಯಾಲ್ದಾದಲ್ಲಿ ಕಾರ್ಖಾನೆ ಬಂತು, ಮುಂದೆ ದಮ್‌ದಮ್‌ನಲ್ಲಿ. ಜನ ಕೇಳುತ್ತಿದ್ದ ಹಾಡುಗಳು ಇಲ್ಲಿ ಮತ್ತೆ ಮತ್ತೆ ಒತ್ತಿಸಿಕೊಂಡವು. ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಳ್ಳುವ ಮುಂಚಿನ ಕೆಲವೇ ವರ್ಷಗಳಲ್ಲಿ ಓಡಿಯನ್ ಕಂಪನಿಗೆ ಹಾಡಿದರು; ಆ ರೆಕಾರ್ಡುಗಳು ಆಮೇಲೆ ಕೊಲಂಬಿಯಾ ಲೇಬಲ್ಲಿನಲ್ಲಿ ಮರಳಿ ಬಂದವು. ಕಿರಾಣಾ ಘರಾಣೆಯ ದನಿಯನ್ನು ಮನೆಮನೆಗೆ ಮುಟ್ಟಿಸುವುದರಲ್ಲಿ ಆ ಮರುಮುದ್ರಣಗಳ ಪಾಲು ದೊಡ್ಡದು. ಸಂತೆಯ ನ್ಯಾಯದಲ್ಲಿ ಕೊಲಂಬಿಯಾ ಪ್ರತಿ ಎರಡನೇ ದರ್ಜೆ. ಆದರೆ ಮತ್ತೆ ಮತ್ತೆ ಒತ್ತಿಸಿಕೊಂಡಿದ್ದೇ ಆ ಹಾಡು ಬೇಕಾಗಿತ್ತು ಎಂಬುದಕ್ಕೆ ಪುರಾವೆ. ಮೊದಲ ಅಚ್ಚು ಕಂಪನಿಯ ಅಂದಾಜನ್ನಷ್ಟೇ ಹೇಳುತ್ತದೆ; ಕೇಳುಗರ ತೀರ್ಪು ಸಿಗುವುದು ಆಮೇಲಿನವುಗಳಲ್ಲಿ. ಈ ನಾಡಿನಲ್ಲಿ ಸಂಗೀತವನ್ನು ಯಾರು ಹೇಗೆ ಕೇಳಿದರು ಎಂಬ ಚರಿತ್ರೆ ಬರೆಯುವವನಿಗೆ ಎರಡನೆಯ, ಐದನೆಯ ಅಚ್ಚುಗಳೇ ಹೆಚ್ಚು ಮಾತಾಡುತ್ತವೆ.

ಎದುರು ಪಕ್ಷದ ಅತ್ಯಂತ ಗಟ್ಟಿಯಾದ ವಾದ ಇನ್ನೊಂದಿದೆ, ಅದನ್ನು ಹಾರಿಸಿ ಹೋಗುವುದು ನ್ಯಾಯವಲ್ಲ. ಮೊದಲ ಅಚ್ಚಿನ ಲೇಬಲ್ಲು ಚರಿತ್ರೆಯ ದಾಖಲೆ, ಮರುಮುದ್ರಣದಲ್ಲಿ ಅದು ಅಳಿಸಿಹೋಗುತ್ತದೆ ಎಂಬುದು ಆ ವಾದ. ನಿಜ. ಗಂಗೂಬಾಯಿಯವರ 1930ರ ದಶಕದ ಮೊದಮೊದಲ ಎಚ್‌ಎಂವಿ ರೆಕಾರ್ಡುಗಳು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಆ ಹೆಸರಿನ ಲೇಬಲ್ಲು ಕಳೆದರೆ ಒಬ್ಬ ಗಾಯಕಿಯ ಬದುಕಿನ ಒಂದು ಎಳೆ ಕಳೆಯುತ್ತದೆ. ಅದೇ ರೀತಿ ಎಲ್‌ಪಿ, ಕ್ಯಾಸೆಟ್ಟುಗಳ ಕಾಲದಲ್ಲಿ ಹಳೆಯ 78ಗಳನ್ನು ಮರಳಿ ತಂದವರು ಗೊರಗೊರ ಸದ್ದು ಕಳೆಯಲು ಹೋಗಿ ದನಿಯ ಅಂಚನ್ನೇ ಸವರಿಹಾಕಿದ್ದುಂಟು. ವೇಗ ತಪ್ಪಿ ಗಾಯಕರ ಶ್ರುತಿಯನ್ನೇ ಏರಿಳಿಸಿದ್ದೂ ಉಂಟು. ತೀರ ಹಳೆಯ ರೆಕಾರ್ಡುಗಳ ವೇಗ ಸರಿಯಾಗಿ 78 ಆಗಿರಲೇ ಇಲ್ಲ. ಇವೆಲ್ಲ ಹಳೆಯ ಪ್ಲೇಟುಗಳನ್ನು ಕಾಪಾಡಲು ಒಳ್ಳೆಯ ಕಾರಣಗಳು. ಆದರೆ ಗಮನಿಸಿ, ಇವುಗಳಲ್ಲಿ ಒಂದೂ ಮೊದಲ ಅಚ್ಚನ್ನು ಮಾತ್ರ ಕಾಪಾಡಲು ಕಾರಣವಲ್ಲ. ಕೆಟ್ಟ ಎಲ್‌ಪಿಗೆ ಉತ್ತರ ಅದೇ ಲೋಹದ ಅಚ್ಚಿನಿಂದ ಒತ್ತಿದ ಯಾವುದೇ 78. ಗಾಂಧಾರಿಯ ಲೇಬಲ್ಲಿಗಂತೂ ಒಂದು ಚಿತ್ರ, ಜೊತೆಗೆ ಮೇಣದ ಮೇಲೆ ಗೀರಿದ ಮೂಲಸಂಖ್ಯೆ ಬರೆದಿಟ್ಟರೆ ಸಾಕು. ಆ ಸಂಖ್ಯೆ ಲೇಬಲ್ಲು ಬದಲಾದರೂ ಬದಲಾಗುವುದಿಲ್ಲ.

ಸವೆದ ಪ್ಲೇಟಿನ ಮಾತಿಗೂ ಬರಬೇಕು. 78 ಸುತ್ತಿನ ರೆಕಾರ್ಡಿನಲ್ಲಿ ಅರಗಿನ ಪಾಲು ಕಡಿಮೆ, ಕಲ್ಲಿನ ಪುಡಿಯ ಪಾಲು ಹೆಚ್ಚು. ಉಕ್ಕಿನ ಸೂಜಿಯ ಮೊನೆ ಗೀರಿನ ಅಳತೆಗೆ ತಾನೇ ಮಸೆದುಕೊಳ್ಳಲಿ ಎಂದು ಬೇಕೆಂದೇ ಹಾಗೆ ಮಾಡಿದ್ದು. ಅದಕ್ಕೇ ಪ್ರತಿ ಮಗ್ಗುಲಿಗೆ ಹೊಸ ಸೂಜಿ ಹಾಕಬೇಕಿತ್ತು, ಬಡವರ ಮನೆಯಲ್ಲಿ ಹಾಕುತ್ತಿರಲಿಲ್ಲ. ಹೀಗೆ ಗೀರು ಬೂದಿಬಣ್ಣಕ್ಕೆ ತಿರುಗಿದ ಪ್ರತಿಯನ್ನು ದರ್ಜೆಪಟ್ಟಿಯ ತಳದಲ್ಲಿಟ್ಟು ತಳ್ಳಿಹಾಕುವುದು ವಾಡಿಕೆ. ಅದರ ಬದಲು ಸ್ವಲ್ಪ ಯೋಚಿಸಿದರೆ, ಉಕ್ಕಿನ ಸೂಜಿ ಹೆಚ್ಚಾಗಿ ಗೀರಿನ ಒಂದು ಭಾಗವನ್ನಷ್ಟೇ ತಿಂದಿರುತ್ತದೆ. ಬೇರೆ ಅಳತೆಯ ವಜ್ರದ ಸೂಜಿ ಹಾಕಿದರೆ ಸವೆಯದೆ ಉಳಿದ ಧ್ವನಿ ಎಷ್ಟೋ ಸಲ ಮೇಲೆದ್ದು ಬರುತ್ತದೆ. ಹೊಳೆಯುವ ಮೊದಲ ಅಚ್ಚು ಹುಡುಕುವವನಿಗೆ ಈ ತಾಳ್ಮೆ ಬೇಕಿಲ್ಲ. ಸವೆದ ಪ್ಲೇಟೊಂದೇ ಗತಿಯಾದವನಿಗೆ ಬೇಕು. ಗಡಿನಾಡಿನ ಕನ್ನಡ ಪ್ಲೇಟುಗಳಲ್ಲಿ ಹೆಚ್ಚಿನವು ಇಂಥ ಸವೆದವೇ.

‘ಬೆಲೆ ಇದ್ದರೆ ತಾನೆ ಜನ ಕಾಪಾಡುವುದು? ಹುಚ್ಚು ಬೆಲೆ ಬಂದದ್ದರಿಂದಲೇ ಗುಜರಿಯಲ್ಲಿದ್ದ ರೆಕಾರ್ಡುಗಳು ಕಪಾಟು ಸೇರಿದವು’ ಎನ್ನುವವರಿದ್ದಾರೆ. ಬೆಲೆ ಕಾಪಾಡುತ್ತದೆ, ಬೆಲೆ ಇದ್ದದ್ದನ್ನು. ದಮ್‌ದಮ್‌ನ ಬೀಟಲ್ಸ್ ಪ್ಲೇಟು ಕಾಪಾಡಲ್ಪಡುತ್ತದೆ, ಅದರ ಕೆಳಗಿದ್ದ ಹರಿಕಥೆಯ ಸೆಟ್ಟು ಇಲ್ಲ. ನಾಟಕದ ಸೆಟ್ಟುಗಳ ಗತಿ ಇನ್ನೂ ಕಷ್ಟ. ಹಲವು ರೆಕಾರ್ಡುಗಳು ಸೇರಿ ಒಂದು ಕಥೆ. ಒಡೆದ ಒಂದರ ಬದಲಿಗೆ ಮನೆಯವರು ಆಮೇಲಿನ ಅಚ್ಚಿನ ಪ್ರತಿ ತಂದು ಸೇರಿಸಿರುತ್ತಾರೆ. ಶುದ್ಧಿವಾದಿಯ ಕಣ್ಣಿಗೆ ಅದು ಕುಲಗೆಟ್ಟ ಸೆಟ್ಟು. ಮೊದಲ ಅಚ್ಚಿನ ಎರಡು ಆರಿಸಿಕೊಂಡು ಉಳಿದವನ್ನು ಅಲ್ಲೇ ಬಿಟ್ಟು ಹೋಗುತ್ತಾನೆ, ಅಲ್ಲಿಗೆ ಕಥೆ ಮುರಿಯಿತು. ಸಂತೆ ಹೀಗೆ ಕೆಲವನ್ನು ಉಳಿಸುವ ಕ್ರಿಯೆಯಲ್ಲೇ ಹಲವನ್ನು ಕೊಲ್ಲುತ್ತದೆ. ಸಣ್ಣ ಕಂಪನಿಗಳಿಗೆ ಒಮ್ಮೆ ಹಾಡಿ ಹೆಸರು ಮರೆತುಹೋದ ಗಾಯಕಿಯರ ಹಾಡಿಗಂತೂ ಮರುಮುದ್ರಣವೇ ಆಗಿಲ್ಲದಿರಬಹುದು. ಇರುವ ಒಂದೇ ಪ್ರತಿ ಮೊದಲ ಅಚ್ಚೂ ಹೌದು, ಕೊನೆಯದೂ ಹೌದು. ಆದರೂ ಹೆಸರಿಲ್ಲದ ಗಾಯಕಿಗೆ ಸಂತೆಯಲ್ಲಿ ಕೂಗುವವರಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸಿದರೂ ಆಕೆ ಹೊರಗೇ ಉಳಿಯುತ್ತಾಳೆ.

ಕನ್ನಡದವರಿಗೆ ಇದನ್ನೆಲ್ಲ ಹೇಳಬೇಕಾಗಿ ಬಂದಿರುವುದೇ ವಿಚಿತ್ರ. ಸೊಲ್ಲಾಪುರ ಹನ್ನೆರಡನೆಯ ಶತಮಾನದ ಸೊನ್ನಲಿಗೆ, ವಚನಕಾರ ಸಿದ್ಧರಾಮನ ಊರು. ಸಿದ್ಧರಾಮನ ಕೈಬರಹದ ಒಂದು ಗರಿಯೂ ನಮ್ಮಲ್ಲಿಲ್ಲ. ಇರುವುದೆಲ್ಲ ಪ್ರತಿಯ ಪ್ರತಿಯ ಪ್ರತಿ. ಅಲ್ಲಿಂದ ದೂರವಲ್ಲದ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮಠಗಳ ಓಲೆಕಟ್ಟುಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಅವರು ‘ಇದು ಮೂಲಪ್ರತಿಯೇ’ ಎಂದು ಕೇಳಿ, ಅಲ್ಲ ಎಂದಾಗ ಕಟ್ಟನ್ನು ಮರಳಿಸಿದ್ದರೆ ಇಂದು ವಚನ ಸಾಹಿತ್ಯ ಎಷ್ಟು ಉಳಿಯುತ್ತಿತ್ತು? ಹುಳು ತಿಂದ, ತಪ್ಪು ತುಂಬಿದ, ತಡವಾದ ಪ್ರತಿಯೂ ಪಾಠ ನಿರ್ಧರಿಸಲು ಬೇಕು ಎಂಬುದು ನಮ್ಮ ಗ್ರಂಥಸಂಪಾದನೆಯ ಮೊದಲ ಪಾಠ. ಓಲೆ ಬೇರೆ, ರೆಕಾರ್ಡು ಬೇರೆ ಎಂದು ಇದಕ್ಕೆ ಆಕ್ಷೇಪ ಬರಬಹುದು: ಓಲೆಯ ಪ್ರತಿಕಾರ ಪಾಠವನ್ನು ಬದಲಿಸುತ್ತಾನೆ, ಯಂತ್ರ ಬದಲಿಸುವುದಿಲ್ಲ. ಸರಿ, ಹಾಗಾದರೆ ಅದು ನನ್ನ ವಾದಕ್ಕೇ ಇಂಬು. ತಪ್ಪು ಮಾಡುವ ಪ್ರತಿಕಾರನ ಓಲೆಯನ್ನೇ ತಲೆಯ ಮೇಲಿಟ್ಟುಕೊಂಡವರು, ಒಂದೇ ಲೋಹದಿಂದ ಒತ್ತಿದ ಐದನೆಯ ಅಚ್ಚನ್ನು ಕೀಳೆಂದು ನೂಕುವುದು ಯಾವ ತರ್ಕ?

ಸೊಲ್ಲಾಪುರಕ್ಕೆ ಈ ಸಂತೆಯ ನಿಯಮಕ್ಕಿಂತ ಒಳ್ಳೆಯ ಪರಂಪರೆಯೊಂದು ಸಂಗ್ರಹದ ಲೋಕದಲ್ಲೇ ಇದೆ. 1990ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಸಂಸ್ಥೆಯ ಶಾಖೆಗಳು ದೊಡ್ಡ ನಗರಗಳಿಗಷ್ಟೇ ಸೀಮಿತವಾಗದೆ ಸೊಲ್ಲಾಪುರ, ತುಳಜಾಪುರಗಳಲ್ಲೂ ಬೇರು ಬಿಟ್ಟವು. ಅದರ ನಿಯತಕಾಲಿಕ ‘ದ ರೆಕಾರ್ಡ್ ನ್ಯೂಸ್’ ತೆರೆದರೆ ಬೆಲೆಪಟ್ಟಿಗಿಂತ ಹೆಚ್ಚಾಗಿ ಕಾಣುವುದು ಕಲಾವಿದರ ರೆಕಾರ್ಡುಗಳ ಯಾದಿ, ಹಾಡಿದವರ ಚರಿತ್ರೆ. ಶಾಖೆಗಳ ಮುಖ್ಯ ಕೆಲಸ ಒಂದು ವಿಷಯ ಹಿಡಿದು ರೆಕಾರ್ಡು ಹಚ್ಚಿ ಜನರಿಗೆ ಕೇಳಿಸುವುದು. ಕೂಡಿಸುವುದು ಕೇಳಿಸುವುದಕ್ಕಾಗಿ ಎಂಬ ಈ ನಿಲುವಿನ ಮುಂದೆ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ರೆಕಾರ್ಡಿಗೆ ಹೆಚ್ಚು ದರ ಕಟ್ಟುವ ನಿಲುವು ಬಡತನದ್ದು, ಹಣ ಎಷ್ಟೇ ಇರಲಿ. ಈ ಪರಂಪರೆಯಲ್ಲಿ ಕನ್ನಡದ ಪಾಲು ಚಿಕ್ಕದಾಗಿದ್ದರೆ ಅದನ್ನು ಹಿಗ್ಗಿಸುವ ಹೊಣೆ ಕರ್ನಾಟಕದ ಸಂಗ್ರಾಹಕರದ್ದು.

ಹೀಗೆ ಕೇಳಿಸುವುದಕ್ಕೆ ಕಾನೂನಿನ ಅಡ್ಡಿಯನ್ನು ಮುಂದೊಡ್ಡುವವರಿಗೆ ಒಂದು ಮಾತು. ಭಾರತದ ಕೃತಿಸ್ವಾಮ್ಯ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಎಂದರೆ 78 ಸುತ್ತಿನ ಯುಗದ ಬಹುಪಾಲು ಮುದ್ರಣಗಳ ಮೇಲಿನ ಕಂಪನಿಯ ಹಕ್ಕು ತೀರಿಹೋಗಿದೆ. ಹಾಡಿನ ಸಾಹಿತ್ಯ, ರಾಗಸಂಯೋಜನೆಗಳ ಹಕ್ಕು ಬೇರೆ, ಅದು ಬರೆದವರ ಆಯುಷ್ಯದ ಮೇಲೆ ಹೋಗುತ್ತದೆ. ಅಷ್ಟು ನೋಡಿಕೊಂಡರೆ ಡಿಜಿಟಲ್ ಪ್ರತಿ ಮಾಡಿ ಕೇಳಿಸಲು ತಡೆ ಇಲ್ಲ. ತಡೆ ಇರುವುದು ಸಂಗ್ರಾಹಕರ ಮನಸ್ಸಿನಲ್ಲಿ. ಪ್ರತಿ ಹಂಚಿಕೊಂಡರೆ ತನ್ನ ಬಳಿ ಇರುವುದರ ಅಪರೂಪ ಕುಂದುತ್ತದೆ ಎಂಬ ಅಂಜಿಕೆ ಅದು. ಅಪರೂಪವೇ ಬೆಲೆ ಎಂದು ಒಪ್ಪಿದವನಿಗೆ ಈ ಅಂಜಿಕೆ ಸಹಜ. ಇದರಿಂದಲೇ ಆ ಒಪ್ಪಿಗೆ ಎಷ್ಟು ಕೆಡುಕಿನದು ಎಂದು ತಿಳಿಯುತ್ತದೆ.

ಉಳಿದದ್ದು ಸ್ವಾತಂತ್ರ್ಯದ ಮಾತು. ಸ್ವಂತ ದುಡ್ಡಿನಲ್ಲಿ ಲೆಡ್ ಜೆಪ್ಪೆಲಿನ್ ಕೊಳ್ಳುವವನನ್ನು ತಡೆಯಲು ನೀವು ಯಾರು ಎಂದರೆ, ಯಾರೂ ಅಲ್ಲ. ಕೊಳ್ಳಲಿ, ಲಡ್ವಿಗ್ ಕೊರೆದದ್ದನ್ನೇ ಕೊಳ್ಳಲಿ, ಸಾಧ್ಯವಾದರೆ ಹಚ್ಚಿ ಕೇಳಲಿ. ಆದರೆ ಅದೇ ಮನುಷ್ಯ ಅಕ್ಕಲಕೋಟೆಯ ಯಾವುದೋ ಮನೆಯ ಪೆಟ್ಟಿಗೆಯ ಮುಂದೆ ಕೂತು ‘ಇದು ಆಮೇಲಿನ ಅಚ್ಚು, ಬೆಲೆಯಿಲ್ಲ’ ಎಂದು ತೀರ್ಪು ಕೊಟ್ಟರೆ, ಆ ಮನೆಯವರು ಮರುದಿನವೇ ಅದನ್ನು ತೂಕಕ್ಕೆ ಹಾಕುತ್ತಾರೆ. ಜಾಣರ ಮಾತಿಗೆ ಅಷ್ಟು ಬೆಲೆ ಇದೆ. ಕನ್ನಡ ರೆಕಾರ್ಡುಗಳ ಮಟ್ಟಿಗೆ ದರ್ಜೆಪಟ್ಟಿಯಲ್ಲಿ ಲೇಬಲ್ಲಿನ ಬಣ್ಣದ ಕಾಲಮ್ಮನ್ನು ತೆಗೆದು ಆ ಜಾಗದಲ್ಲಿ ಎರಡು ಕಾಲಮ್ಮು ಹಾಕಿಕೊಳ್ಳಬೇಕು: ಮೂಲಸಂಖ್ಯೆ ಎಷ್ಟು, ಇದೇ ಹಾಡಿನ ಬೇರೆ ಪ್ರತಿ ಎಲ್ಲಿಯಾದರೂ ಇದೆಯೆಂದು ಗೊತ್ತೇ. ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದ ಪ್ಲೇಟು ಬಿರುಕು ಬಿಟ್ಟಿರಲಿ, ಹತ್ತನೆಯ ಅಚ್ಚಿನದಿರಲಿ, ಅದನ್ನು ಕೇಳಿದ ದರಕ್ಕೆ ಕೊಳ್ಳತಕ್ಕದ್ದು.